ಕೋಷ್ಟಕ ಮುಗಿಯುವ ಎತ್ತರದಲ್ಲಿ ಒಂದು ಕಾರ್ಬ್ಯುರೇಟರ್

ನನ್ನ ಡರ್ಟ್ ಬೈಕಿನ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ. ಎಡಗಡೆ ಸಮುದ್ರಮಟ್ಟದಿಂದ ಎತ್ತರ, ಮೇಲ್ಗಡೆ ಹವೆಯ ಉಷ್ಣಾಂಶ. ಎರಡೂ ಕೂಡುವ ಪ್ರತಿಯೊಂದು ಮನೆಯಲ್ಲಿ, ಆ ಎತ್ತರಕ್ಕೆ ಮತ್ತು ಆ ಹವೆಗೆ ಕಾರ್ಬ್ಯುರೇಟರಿನಲ್ಲಿ (ಎಂಜಿನ್ನಿಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಯಾವ ಪೈಲಟ್ ಜೆಟ್, ಯಾವ ನೀಡಲ್, ಯಾವ ಮೇನ್ ಜೆಟ್ ಇರಬೇಕು, ನೀಡಲಿನ ಕ್ಲಿಪ್ ಎಷ್ಟನೆಯ ಕಚ್ಚಿನಲ್ಲಿ ಕೂರಬೇಕು, ಏರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಿರಬೇಕು ಎಂದು ಬರೆದಿದ್ದಾರೆ. ಜೆಟ್ ಎಂದರೆ ಪೆಟ್ರೋಲ್ ಹಾದುಬರುವ ಅಳತೆಯ ತೂತಿರುವ ಚಿಕ್ಕ ತುಂಡು; ನೀಡಲ್ ಎಂದರೆ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುವ ಮೊನಚಾದ ಕಡ್ಡಿ. ಈ ಕೋಷ್ಟಕ 3,000 ಮೀಟರಿಗೆ ಮುಗಿದುಹೋಗುತ್ತದೆ. ಬೇಸಿಗೆಯಲ್ಲಿ ನಾನು ಬೈಕ್ ಓಡಿಸಲು ಹೋಗುವ ಕೊಲರಾಡೋ ರಾಜ್ಯದ ಟೇಲರ್ ಪಾರ್ಕಿನಲ್ಲಿ ಜಲಾಶಯದ ದಡವೇ 2,800 ಮೀಟರಿಗಿಂತ ಮೇಲಿದೆ; ಅಲ್ಲಿಂದ ಹತ್ತುವ ಘಟ್ಟದ ದಾರಿ ಟಿನ್‌ಕಪ್ ಪಾಸ್ 12,154 ಅಡಿ, ಅಂದರೆ 3,700 ಮೀಟರ್ ದಾಟುತ್ತದೆ. ಕೈಪಿಡಿ ಬರೆದವರು ನಿಲ್ಲಿಸಿದ ಕಡೆಯಿಂದ ನನ್ನ ದಾರಿ ಮೊದಲಾಗುತ್ತದೆ ಎಂಬುದು ಅರ್ಥವಾದ ದಿನದಿಂದಲೇ, ದುಬಾರಿ ಬೆಲೆಯ ಬೇರೊಂದು ಕಾರ್ಬ್ಯುರೇಟರ್ ಹಾಕಿಸಿದರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆ ನನ್ನ ಬೆನ್ನುಹತ್ತಿತು. ಮೂರು ವರ್ಷ ಆ ಪ್ರಶ್ನೆಯ ಜೊತೆ ಕಳೆದ ಮೇಲೆ ನನಗೆ ಸಿಕ್ಕ ಉತ್ತರವನ್ನು, ಅದು ಸಿಕ್ಕ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೈಕ್ 2014ರ ಕೆಟಿಎಂ 300 ಎಕ್ಸ್‌ಸಿ-ಡಬ್ಲ್ಯು. ಟೂ ಸ್ಟ್ರೋಕ್ ಎಂಜಿನ್. ಬೋರ್ 72 ಮಿಲಿಮೀಟರ್, ಸ್ಟ್ರೋಕ್ ಕೂಡ 72 ಮಿಲಿಮೀಟರ್, ಸಾಮರ್ಥ್ಯ 293 ಸಿಸಿ. ಅದರಲ್ಲಿ ಕಾರ್ಖಾನೆಯಿಂದಲೇ ಬರುವ ಕಾರ್ಬ್ಯುರೇಟರ್ ಕೈಹಿನ್ ಪಿಡಬ್ಲ್ಯುಕೆ 36. ಈ ಬೈಕನ್ನು ಹೂಸ್ಟನ್‌ನಲ್ಲಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡೆ. ಅಲ್ಲಿ ನೆಲ ಸಮುದ್ರಮಟ್ಟದಲ್ಲಿದೆ, ಗಾಳಿ ದಟ್ಟವಾಗಿದೆ, ಮತ್ತು ಆ ಮನುಷ್ಯ ತನ್ನ ಊರಿನ ಗಾಳಿಗೆ ತಕ್ಕಂತೆ ಬಹಳ ಚೆನ್ನಾಗಿಯೇ ಜೆಟ್‌ಗಳನ್ನು ಹೊಂದಿಸಿದ್ದರು. ಅದೇ ಬೈಕನ್ನು ಡೆನ್ವರ್ ಹತ್ತಿರದ ನನ್ನ ಮನೆಗೆ ತಂದು, ಮುಂದಿನ ವಾರ ಸೆಡೇಲಿಯಾ ಊರಿನ ಮೇಲಿನ ಬೆಟ್ಟಸಾಲಾದ ರ‍್ಯಾಂಪಾರ್ಟ್ ರೇಂಜಿಗೆ ಒಯ್ದಾಗ, ಅದು ಕಾಲು ಥ್ರಾಟಲಿನಲ್ಲಿ, ಅಂದರೆ ಆಕ್ಸಿಲರೇಟರನ್ನು ಕಾಲು ಭಾಗ ತಿರುಗಿಸಿದಾಗ, ಗೊರಗೊರ ಎನ್ನುತ್ತ ಉಸಿರು ಕಟ್ಟಿದಂತೆ ಓಡಿತು. ಸೈಲೆನ್ಸರ್ ಬಾಯಿಂದ ಕಪ್ಪು ಎಣ್ಣೆ ಇಳಿದು ಹಿಂದಿನ ಮಡ್‌ಗಾರ್ಡಿಗೆ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಸತ್ತಿತು. ಹೊಸ ಪ್ಲಗ್ ಹಾಕಿದೆ. ಸಂಜೆಗೆ ಅದೂ ಕಪ್ಪಾಗಿತ್ತು.

ಹಾಸನದಲ್ಲಿ ನಮ್ಮ ಮನೆಯ ಬೀದಿಯ ಕೊನೆಗೆ ಒಂದು ಗ್ಯಾರೇಜ್ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಇರುತ್ತಿದ್ದೆ. ಆರ್‌ಎಕ್ಸ್ 100 ಬಂದರೆ ಮೆಕ್ಯಾನಿಕ್ ಮೊದಲು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ಕಾಫಿಪುಡಿಯ ಬಣ್ಣವಿದ್ದರೆ ಸರಿ. ಮಸಿಯಂತೆ ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು. "ಮಾಲೀಕ ಸುಳ್ಳು ಹೇಳಬಹುದು, ಪ್ಲಗ್ ಸುಳ್ಳು ಹೇಳಲ್ಲ ಕಣಪ್ಪ" ಎನ್ನುತ್ತಿದ್ದರು. ರ‍್ಯಾಂಪಾರ್ಟ್ ರೇಂಜಿನ ಆ ಸಂಜೆ ಕೈಯಲ್ಲಿ ಹಿಡಿದ ಪ್ಲಗ್ಗನ್ನು ಓದಲು ನನಗೆ ಬೇರೆ ಪಾಠ ಬೇಕಿರಲಿಲ್ಲ. ಮಿಶ್ರಣ ವಿಪರೀತ ರಿಚ್ ಆಗಿತ್ತು, ಅಂದರೆ ಗಾಳಿಯ ಪಾಲಿಗೆ ಪೆಟ್ರೋಲ್ ಹೆಚ್ಚಾಗಿತ್ತು.

ಎತ್ತರಕ್ಕೆ ಹೋದರೆ ಮಿಶ್ರಣ ರಿಚ್ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ರಿಚ್ ಆಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಹೆಚ್ಚಿನವರು ಹಾಕುವುದಿಲ್ಲ. ಆದರೆ ದುಡ್ಡು ಹಾಕಬೇಕೋ ಬೇಡವೋ ಎಂಬ ತೀರ್ಮಾನವೆಲ್ಲ ಆ ಲೆಕ್ಕದ ಮೇಲೆಯೇ ನಿಂತಿರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಾರ್ಬ್ಯುರೇಟರಿನ ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿ ರಭಸವಾಗಿ ಹರಿಯುವಾಗ ಅಲ್ಲಿ ಒತ್ತಡ ಕುಸಿಯುತ್ತದೆ. ಕೆಳಗಿನ ಫ್ಲೋಟ್ ಬೌಲಿನಲ್ಲಿರುವ ಪೆಟ್ರೋಲಿನ ಮೇಲೆ ಹೊರಗಿನ ಒತ್ತಡ ಹಾಗೆಯೇ ಇರುತ್ತದೆ. ಈ ಎರಡರ ಅಂತರವೇ ಜೆಟ್ಟಿನ ತೂತಿನ ಮೂಲಕ ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಯ ಸಾಂದ್ರತೆ ಕಡಿಮೆಯಾದರೆ, ಅದೇ ವೇಗದಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯ ತೂಕ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಒತ್ತಡದ ಅಂತರವೂ ಅಷ್ಟೇ ಇಳಿಯುತ್ತದೆ. ಆದರೆ ತೂತಿನಿಂದ ಬರುವ ಪೆಟ್ರೋಲಿನ ಪ್ರಮಾಣ ಆ ಅಂತರದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಹಾಗಾಗಿ ಗಾಳಿ ತೆಳುವಾದುದನ್ನು ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಗುರುತಿಸುತ್ತದೆ ಎನ್ನಬಹುದು. 12,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಶೇಕಡಾ 69. ಗಾಳಿ ಶೇಕಡಾ 31ರಷ್ಟು ಕಡಿಮೆಯಾದಾಗ ಪೆಟ್ರೋಲ್ ಸುಮಾರು ಶೇಕಡಾ 17ರಷ್ಟು ಮಾತ್ರ ಕಡಿಮೆಯಾಗುತ್ತದೆ. ಹೂಸ್ಟನ್ನಿಗೆ ಸರಿಹೊಂದಿಸಿದ ಬೈಕ್ ಟಿನ್‌ಕಪ್ ಪಾಸಿನಲ್ಲಿ ಹೀಗೆ ಶೇಕಡಾ 20ರಷ್ಟು ಹೆಚ್ಚು ರಿಚ್ ಆಗಿ ಓಡುತ್ತದೆ.

ಇದೇ ಲೆಕ್ಕದೊಳಗೆ ಇನ್ನೊಂದು ಸತ್ಯವೂ ಇದೆ, ಮತ್ತು ಅದನ್ನು ಜಾಹೀರಾತುಗಳು ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಶೇಕಡಾ 31ರಷ್ಟು ಗಾಳಿ ಹೋಯಿತೆಂದರೆ ಅದರೊಂದಿಗೆ ಹೆಚ್ಚುಕಡಿಮೆ ಅಷ್ಟೇ ಶಕ್ತಿಯೂ ಹೋಯಿತು. ಯಾವ ಕಾರ್ಬ್ಯುರೇಟರ್ ಕೂಡ ಬೆಟ್ಟದ ಮೇಲೆ ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು. ಬೆಲೆಬಾಳುವ ಕಾರ್ಬ್ಯುರೇಟರ್ ಮಾಡಬಲ್ಲದ್ದು ಇಷ್ಟೇ: ಉಳಿದ ಶೇಕಡಾ 69ರಷ್ಟು ಗಾಳಿಗೆ ತಕ್ಕ ಪೆಟ್ರೋಲ್ ಕೊಟ್ಟು, ಉಳಿದ ಶಕ್ತಿ ಹಾಳಾಗದಂತೆ ನೋಡಿಕೊಳ್ಳುವುದು. ಇದನ್ನು ಒಪ್ಪಿಕೊಂಡವನು ಮಾತ್ರ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಬಲ್ಲ.

ಮೊದಲ ವರ್ಷ ನಾನು ದುಬಾರಿಯದ್ದೇನನ್ನೂ ಕೊಳ್ಳಲಿಲ್ಲ. ಇದ್ದ ಕೈಹಿನ್ನನ್ನೇ ಬಿಚ್ಚಿ ತೊಳೆದೆ. ನೀಡಲ್ ಸವೆದು ಒಂದು ಬದಿಗೆ ಹೊಳಪು ಬಂದಿತ್ತು, ಅದನ್ನು ಬದಲಾಯಿಸಿದೆ. ಎಂಜಿನ್ನಿಗೆ ಮಿಶ್ರಣ ಒಳಬಿಡುವ ರೀಡ್ ವಾಲ್ವಿನ ಪಟ್ಟಿಗಳ ಅಂಚು ಬಿರಿದಿತ್ತು, ಹೊಸದು ಹಾಕಿದೆ. ಏರ್ ಫಿಲ್ಟರ್ ತೊಳೆದು ಎಣ್ಣೆ ಹಚ್ಚಿದೆ. ಇಂಟೇಕ್ ರಬ್ಬರಿನಲ್ಲಿ ಎಲ್ಲಿಯಾದರೂ ಗಾಳಿ ನುಸುಳುತ್ತಿದೆಯೇ, ಕ್ರ್ಯಾಂಕ್ ಸೀಲುಗಳು ಗಟ್ಟಿಯಾಗಿವೆಯೇ ಎಂದು ನೋಡಿಕೊಂಡೆ. ಈ ಕೊನೆಯ ಕೆಲಸವನ್ನು ಬಿಟ್ಟು ಕಾರ್ಬ್ಯುರೇಟರಿನ ಮೇಲೆ ತಪ್ಪು ಹೊರಿಸುವವರು ಬಹಳ ಮಂದಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಮ್ಯಾಗ್ನೆಟ್ ಬದಿಯ ಸೀಲ್ ಸವೆದರೆ ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣ ಲೀನ್ ಆಗುತ್ತದೆ (ಪೆಟ್ರೋಲಿನ ಪಾಲಿಗೆ ಗಾಳಿ ಹೆಚ್ಚಾಗುತ್ತದೆ), ಕ್ಲಚ್ ಬದಿಯದು ಸವೆದರೆ ಗೇರ್ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಇಳಿದು ಹೊಗೆ ಕಾರುತ್ತದೆ. ಇವೆರಡಕ್ಕೂ ಎಷ್ಟೇ ಬೆಲೆಯ ಕಾರ್ಬ್ಯುರೇಟರ್ ಮದ್ದಲ್ಲ. ಸೀಲ್ ಸವೆದ ಎಂಜಿನ್ನಿಗೆ ಹೊಸ ಕಾರ್ಬ್ಯುರೇಟರ್ ಹಾಕಿ, ಅದು ಲೀನ್ ಆಗಿ ಓಡಿ, ಪಿಸ್ಟನ್ ಜಾಮ್ ಆದುದನ್ನು ನಾನು ಗೆಳೆಯರ ಬಳಗದಲ್ಲೇ ನೋಡಿದ್ದೇನೆ.

ಆಮೇಲೆ ಜೆಟ್‌ಗಳು. ಬೈಕ್ ನನಗೆ ಬಂದಾಗ ಮೇನ್ ಜೆಟ್ 165 ಇತ್ತು, ಪೈಲಟ್ 42. ಕೈಹಿನ್ ಜೆಟ್ಟಿನ ಮೇಲಿನ ಅಂಕಿ ಸರಿಸುಮಾರಾಗಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ; ಪೆಟ್ರೋಲ್ ಹರಿಯುವುದು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ, ಅಂದರೆ ವ್ಯಾಸದ ವರ್ಗಕ್ಕೆ ತಕ್ಕಂತೆ. 165 ತೆಗೆದು 155 ಹಾಕಿದರೆ ಅಂಕಿ ಶೇಕಡಾ 6ರಷ್ಟು ಇಳಿದಂತೆ ಕಂಡರೂ ತೂತು ಶೇಕಡಾ 12ರಷ್ಟು ಚಿಕ್ಕದಾಗುತ್ತದೆ. ಮಿಕುನಿ ಎಂಬ ಇನ್ನೊಂದು ಕಂಪನಿಯ ಷಟ್ಕೋನ ತಲೆಯ ಜೆಟ್ಟಿನಲ್ಲಿ ಅಂಕಿಯ ಅರ್ಥವೇ ಬೇರೆ. ಅದು ನಿಮಿಷಕ್ಕೆ ಹರಿಯುವ ಪೆಟ್ರೋಲಿನ ಅಳತೆ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಕಾರ್ಬ್ಯುರೇಟರಿಗೆ ಹೊಂದಿಸಲು ಹೋಗಿ ಕೆಟ್ಟವರಿದ್ದಾರೆ.

ಇಲ್ಲಿ ನನಗೂ ಒಂದು ಪಾಠವಾಯಿತು. ಆನ್‌ಲೈನ್ ಅಂಗಡಿಯೊಂದರಲ್ಲಿ ಹತ್ತು ಮೇನ್ ಜೆಟ್‌ಗಳ ಡಬ್ಬಿ ಬಹಳ ಅಗ್ಗಕ್ಕೆ ಸಿಕ್ಕಿತು. 155 ಎಂದು ಒತ್ತಿದ್ದ ಜೆಟ್ ಹಾಕಿದರೂ ಬೈಕ್ 160ರ ಹಾಗೆಯೇ ಓಡುತ್ತಿತ್ತು. ನಾನು ಕೆಲಸ ಮಾಡುವ ಕಡೆ ತೂತಿನ ವ್ಯಾಸ ಅಳೆಯುವ ಪಿನ್ ಗೇಜುಗಳಿವೆ. ಒಂದು ದಿನ ಊಟದ ಬಿಡುವಿನಲ್ಲಿ ಡಬ್ಬಿಯನ್ನೆಲ್ಲ ಅಳೆದು ನೋಡಿದೆ. ಹತ್ತರಲ್ಲಿ ನಾಲ್ಕರ ತೂತು ಬರೆದ ಅಂಕಿಗೆ ಹೊಂದುತ್ತಿರಲಿಲ್ಲ. ಒಂದೆರಡು ಡಾಲರ್ ಉಳಿಸಲು ಹೋಗಿ ಮೂರು ವಾರಾಂತ್ಯಗಳನ್ನು ಕಳೆದುಕೊಂಡಿದ್ದೆ. ಅಸಲಿ ಜೆಟ್ ಒಂದಕ್ಕೆ ಐದಾರು ಡಾಲರ್ ಮಾತ್ರ; ಅಲ್ಲಿ ಅಗ್ಗವನ್ನು ಹುಡುಕಬಾರದು.

ಕೊನೆಗೆ ಪೈಲಟ್ 38, ಮೇನ್ 158, ನೇರ ಭಾಗ ಸ್ವಲ್ಪ ದಪ್ಪವಿರುವ ನೀಡಲ್, ಇಷ್ಟಕ್ಕೆ ರ‍್ಯಾಂಪಾರ್ಟ್ ರೇಂಜಿನ 8,000 ಅಡಿಯಲ್ಲಿ ಬೈಕ್ ಶುದ್ಧವಾಗಿ ಓಡತೊಡಗಿತು. ಇವುಗಳಲ್ಲಿ ಯಾವುದರಿಂದ ಹೆಚ್ಚು ಉಪಕಾರವಾಯಿತು ಎಂದು ಕೇಳಿದರೆ ನೀಡಲ್ ಮತ್ತು ಪೈಲಟ್ ಎನ್ನುತ್ತೇನೆ. ಜನ ಮಾತನಾಡುವುದೆಲ್ಲ ಮೇನ್ ಜೆಟ್ಟಿನ ಬಗ್ಗೆ. ಅದು ಕೆಲಸ ಮಾಡುವುದಾದರೋ ಮುಕ್ಕಾಲು ಥ್ರಾಟಲಿನ ಮೇಲೆ. ಕಲ್ಲುಗುಂಡುಗಳ ಕಾಲುದಾರಿಯಲ್ಲಿ, ಪೈನ್ ಮರಗಳ ಬೇರುಗಳ ನಡುವೆ, ಮೊದಲ ಮತ್ತು ಎರಡನೆಯ ಗೇರಿನಲ್ಲಿ ಹತ್ತುವಾಗ ನನ್ನ ಮಣಿಕಟ್ಟು ಅರ್ಧ ಥ್ರಾಟಲ್ ದಾಟುವುದೇ ಅಪರೂಪ. ಅಲ್ಲಿ ಆಳುವುದು ಪೈಲಟ್ ಜೆಟ್, ಥ್ರಾಟಲ್ ತಿರುಗಿಸಿದಂತೆ ಕಾರ್ಬ್ಯುರೇಟರಿನ ಗಂಟಲಿನಲ್ಲಿ ಮೇಲೇರುವ ಸ್ಲೈಡಿನ ಕೆಳಗಿನ ಕೊರೆತ, ನೀಡಲಿನ ನೇರ ಭಾಗ ಮತ್ತು ಅದರ ಮೊನಚಿನ ಆರಂಭ. ಅಲ್ಲಿ ಮಿಶ್ರಣ ಸರಿಯಿದ್ದರೆ ಬೈಕ್ ಒಂದೊಂದು ಕಲ್ಲನ್ನೂ ನಿಧಾನವಾಗಿ ಏರಿ ಇಳಿಯುತ್ತದೆ. ಕೆಟ್ಟಿದ್ದರೆ ಒಮ್ಮೆ ತಡವರಿಸಿ, ಮರುಕ್ಷಣ ಸಿಡಿದು, ಸವಾರನನ್ನು ಕಲ್ಲಿನ ಮೇಲೆ ಕೆಡವುತ್ತದೆ.

ಈ ಎಲ್ಲ ಕೆಲಸಕ್ಕೆ, ರೀಡ್ ಪಟ್ಟಿಗಳೂ ಸೇರಿ, ಆದ ಖರ್ಚು ಸುಮಾರು 110 ಡಾಲರ್. ನಾನು ಪ್ರತಿ ಸವಾರಿಯ ಪೆಟ್ರೋಲನ್ನೂ ಪುಸ್ತಕದಲ್ಲಿ ಬರೆದಿಡುತ್ತೇನೆ. ಲೀಟರಿಗೆ 11 ಕಿಲೋಮೀಟರ್ ಕೊಡುತ್ತಿದ್ದ ಬೈಕ್ 13 ಕೊಡಲಾರಂಭಿಸಿತು. ಆ ವರ್ಷ ಮತ್ತೆ ಪ್ಲಗ್ ಸಾಯಲಿಲ್ಲ.

ಹಾಗಿದ್ದರೆ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ನಾನಿರುವ ಊರಿನ ಭೂಗೋಳ. ಮಾರ್ಚ್ ತಿಂಗಳಲ್ಲಿ ಬೆಟ್ಟಗಳೆಲ್ಲ ಹಿಮದಡಿ ಇರುವಾಗ ನಾವು ಪಶ್ಚಿಮಕ್ಕೆ ಐದಾರು ಗಂಟೆ ಪ್ರಯಾಣ ಮಾಡಿ ಯೂಟಾದ ಮೋಆಬ್‌ಗೆ ಹೋಗುತ್ತೇವೆ. ಅದು 4,000 ಅಡಿ. ಮೇ ಮತ್ತು ಜೂನ್‌ನಲ್ಲಿ ರ‍್ಯಾಂಪಾರ್ಟ್ ರೇಂಜ್. 8,000 ಅಡಿಯ ಆಸುಪಾಸು. ಜುಲೈನಲ್ಲಿ ಹಿಮ ಕರಗಿದ ಮೇಲೆ ಟೇಲರ್ ಪಾರ್ಕ್. ಬೆಳಿಗ್ಗೆ 9,300 ಅಡಿಯ ಶಿಬಿರದಿಂದ ಹೊರಟು ಮಧ್ಯಾಹ್ನ 12,000 ಅಡಿ ದಾಟಿ ಸಂಜೆ ಮತ್ತೆ ಕೆಳಗೆ. ಮೋಆಬ್‌ಗೆ ಹೊಂದಿಸಿದ ಜೆಟ್‌ಗಳು ಟಿನ್‌ಕಪ್ ಪಾಸಿನಲ್ಲಿ ಸುಮಾರು ಶೇಕಡಾ 13ರಷ್ಟು ರಿಚ್ ಆಗುತ್ತವೆ. ತಿರುಗಿಸಿ ನೋಡಿದರೆ ಅಪಾಯ ಇನ್ನೂ ಹೆಚ್ಚು: ಬೆಟ್ಟದ ಮೇಲೆ ಚೊಕ್ಕವಾಗಿ ಓಡಲೆಂದು ಚಿಕ್ಕ ಜೆಟ್‌ಗಳನ್ನು ಹಾಕಿ, ಅದನ್ನು ಮರೆತು ಮೋಆಬ್‌ನ ಮರಳಿನಲ್ಲಿ ಫುಲ್ ಥ್ರಾಟಲ್ ಎಳೆದರೆ ಮಿಶ್ರಣ ಲೀನ್ ಆಗಿ ಪಿಸ್ಟನ್ ಸಿಲಿಂಡರಿಗೆ ಅಂಟಿಕೊಳ್ಳಬಹುದು. ರಿಚ್ ಆದರೆ ಪ್ಲಗ್ ಹೋಗುತ್ತದೆ, ಲೀನ್ ಆದರೆ ಎಂಜಿನ್ ಹೋಗುತ್ತದೆ. ಅದರಿಂದ ವರ್ಷಕ್ಕೆ ಏಳೆಂಟು ಸಲ ಕಾರ್ಬ್ಯುರೇಟರನ್ನು ಓರೆಮಾಡಿ, ಬೌಲಿನ ಅಡಿಯ ನಟ್ ಬಿಚ್ಚಿ, ಜೆಟ್ ಬದಲಾಯಿಸಿ, ಸ್ಲೈಡ್ ಹೊರಗೆಳೆದು ಕ್ಲಿಪ್ ಸರಿಸುತ್ತಿದ್ದೆ. ಗ್ಯಾರೇಜಿನಲ್ಲಿ ಅದು ಅರ್ಧ ಗಂಟೆಯ ಕೆಲಸ. ಸಂಜೆಯ ಗಾಳಿಯಲ್ಲಿ, ಟ್ರಕ್ಕಿನ ಹಿಂಬಾಗಿಲ ಮೇಲೆ, ಪೆಟ್ರೋಲಿನಿಂದ ಮರಗಟ್ಟಿದ ಬೆರಳುಗಳಲ್ಲಿ ಉಗುರಿನಷ್ಟು ಚಿಕ್ಕ ಕ್ಲಿಪ್ ಹಿಡಿದು ನಿಂತಾಗ ಅದು ಅರ್ಧ ಗಂಟೆಯ ಕೆಲಸವಲ್ಲ.

ಮಾರುಕಟ್ಟೆಯಲ್ಲಿ ಇದಕ್ಕೆಂದೇ ಸಿಗುವ ಕಾರ್ಬ್ಯುರೇಟರ್‌ಗಳಲ್ಲಿ ಹೆಸರಾಂತವು ಎರಡು, ಲೆಕ್ಟ್ರಾನ್ ಮತ್ತು ಸ್ಮಾರ್ಟ್‌ಕಾರ್ಬ್. ನಾನು ವಿಚಾರಿಸಿದಾಗ ಬೆಲೆ ಮಾದರಿಗೆ ತಕ್ಕಂತೆ 500ರಿಂದ 800 ಡಾಲರಿನ ನಡುವೆ ಇತ್ತು. ಎರಡರಲ್ಲೂ ಪೈಲಟ್ ಜೆಟ್ ಇಲ್ಲ, ಮೇನ್ ಜೆಟ್ ಇಲ್ಲ. ಚಪ್ಪಟೆ ಸ್ಲೈಡಿಗೆ ಒಂದು ಕಡ್ಡಿ ಜೋಡಿಸಿರುತ್ತಾರೆ. ಆ ಕಡ್ಡಿಯ ಎಂಜಿನ್ ಕಡೆಯ ಮುಖವನ್ನು ಓರೆಯಾಗಿ ಉಜ್ಜಿ ಚಪ್ಪಟೆ ಮಾಡಿರುತ್ತಾರೆ. ಸ್ಲೈಡ್ ಮೇಲೇರಿದಂತೆ ಕಡ್ಡಿಯ ಪಕ್ಕದ ಸಂದು ಅಗಲವಾಗಿ ಹೆಚ್ಚು ಪೆಟ್ರೋಲ್ ಬರುತ್ತದೆ. ಮಾಮೂಲಿ ಕಾರ್ಬ್ಯುರೇಟರಿನಲ್ಲಿ ಮೂರು ನಾಲ್ಕು ದಾರಿಗಳು ಒಂದರ ಮೇಲೊಂದು ಬಿದ್ದು ಕೊಡುವ ಪೆಟ್ರೋಲನ್ನು ಇಲ್ಲಿ ಒಂದೇ ಕಡ್ಡಿ ಕೊಡುವುದರಿಂದ, ಒಂದು ದಾರಿಯಿಂದ ಇನ್ನೊಂದಕ್ಕೆ ದಾಟುವಾಗಿನ ತಡವರಿಕೆ ಕಡಿಮೆ. ಲೆಕ್ಟ್ರಾನ್‌ನಲ್ಲಿ ಹೆಚ್ಚಿನ ವೇಗಕ್ಕೆಂದು ಪ್ರತ್ಯೇಕ ಪವರ್ ಜೆಟ್ ಇರುತ್ತದೆ. ಸ್ಮಾರ್ಟ್‌ಕಾರ್ಬ್‌ನಲ್ಲಿ ಫ್ಲೋಟ್ ಬೌಲಿನ ಉಸಿರುಕೊಳವೆಗಳು ಹೊರಗೆ ನೇತಾಡುವುದಿಲ್ಲ, ಬೌಲ್ ಗಾಳಿ ಪಡೆಯುವುದು ಕಾರ್ಬ್ಯುರೇಟರಿನ ಒಳಗಿನಿಂದಲೇ. ಎತ್ತರ ಬದಲಾದರೂ ಮಿಶ್ರಣ ತಾನಾಗಿ ಸರಿಹೊಂದಲು ಈ ರಚನೆಯೇ ಕಾರಣ ಎಂಬುದು ತಯಾರಕರ ಮಾತು. ಇವುಗಳ ಜೊತೆಗೆ, ಹಳೆಯ ರೀತಿಯದೇ ಆದ ಹೊಸ ಕೈಹಿನ್ ಏರ್‌ಸ್ಟ್ರೈಕರ್ ಕೂಡ ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಹಳೆಯದರ ಸ್ಲೈಡ್ ಮತ್ತು ಒಡಲು ಸವೆದುಹೋಗಿದ್ದರೆ ಅದು ಒಳ್ಳೆಯ ಕೊಳ್ಳುವಿಕೆ, ನನ್ನದು ಸವೆದಿರಲಿಲ್ಲ.

ಗೆಳೆಯನೊಬ್ಬನ ಬಳಿ ನನ್ನದೇ ಬೈಕಿನ 2015ರ ಮಾದರಿ ಇದೆ, ಅದರಲ್ಲಿ ಒಂದೇ ಕಡ್ಡಿಯ ಕಾರ್ಬ್ಯುರೇಟರ್ ಇದೆ. 2021ರ ಜುಲೈನಲ್ಲಿ ಟೇಲರ್ ಪಾರ್ಕಿನಲ್ಲಿ ಮೂರು ದಿನ ನಾವಿಬ್ಬರೂ ಗಂಟೆಗೊಮ್ಮೆ ಬೈಕ್ ಬದಲಾಯಿಸಿಕೊಂಡು ಓಡಿಸಿದೆವು. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಗುತ್ತಿರಲಿಲ್ಲ. ಮೊದಲ ದಿನ ನಾನು ನನ್ನ ಕೈಹಿನ್ನನ್ನು 11,000 ಅಡಿಗೆಂದೇ ಹೊಂದಿಸಿಕೊಂಡು ಹೋಗಿದ್ದೆ: ಪೈಲಟ್ 35, ಮೇನ್ 152, ಕ್ಲಿಪ್ ಒಂದು ಕಚ್ಚು ಮೇಲೆ. ಆ ಎತ್ತರದಲ್ಲಿ ಎರಡು ಬೈಕ್‌ಗಳ ನಡುವೆ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ. ಕಡಿದಾದ ಏರಿನಲ್ಲಿ ಫುಲ್ ಥ್ರಾಟಲ್ ಎಳೆದಾಗ ಎರಡೂ ಒಂದೇ ಸಮನೆ ಏದುಸಿರು ಬಿಟ್ಟವು. ಎರಡನೆಯ ದಿನ ಕೆಳಗಿನ ಕಣಿವೆಯ ದಾರಿಗಳಿಗೆ ಇಳಿದಾಗ ನನ್ನ ಬೈಕ್ ಬಿಸಿಯಾಗಿ, ಥ್ರಾಟಲ್ ಬಿಟ್ಟರೂ ಎಂಜಿನ್ನಿನ ವೇಗ ಕೂಡಲೇ ಐಡಲಿಗೆ ಇಳಿಯದೆ ತೂಗಾಡಿತು; ಲೀನ್ ಆಗಿದೆ ಎಂಬುದರ ಸ್ಪಷ್ಟ ಗುರುತು ಅದು. ಅವನ ಬೈಕ್ ಮೇಲೆ ಹೇಗಿತ್ತೋ ಕೆಳಗೂ ಹಾಗೆಯೇ ಇತ್ತು. ಸಂಜೆ ಶಿಬಿರದಲ್ಲಿ ನಾನು ಜೆಟ್ ಬದಲಾಯಿಸುತ್ತ ಕುಳಿತಿದ್ದಾಗ ಅವನು ಒಲೆ ಹೊತ್ತಿಸಿ ಅನ್ನಕ್ಕೆ ಇಟ್ಟಿದ್ದ.

ಆ ಮೂರು ದಿನಗಳಲ್ಲಿ ನನಗೆ ವಿಷಯ ತಿಳಿಯಾಯಿತು. ಒಂದು ನಿರ್ದಿಷ್ಟ ಎತ್ತರಕ್ಕೆ ಸರಿಯಾಗಿ ಹೊಂದಿಸಿದ ಮಾಮೂಲಿ ಕಾರ್ಬ್ಯುರೇಟರಿಗೂ ದುಬಾರಿ ಕಾರ್ಬ್ಯುರೇಟರಿಗೂ ಆ ಎತ್ತರದಲ್ಲಿ ನನ್ನಂಥ ಸವಾರನ ಅರಿವಿಗೆ ಬರುವ ಅಂತರ ಇಲ್ಲ. ಅಂತರವಿರುವುದು ಎತ್ತರ ಬದಲಾದಾಗ. ಹಾಗಾಗಿ ನಾನು ಕೊಡುವ ಹಣ ಶಕ್ತಿಗೆ ಕೊಡುವ ಬೆಲೆಯಲ್ಲ, 4,000 ಅಡಿಗೂ 12,000 ಅಡಿಗೂ ನಡುವಿನ 8,000 ಅಡಿಗೆ ಕೊಡುವ ಬೆಲೆ. ನನ್ನ ಸವಾರಿಯ ಪುಸ್ತಕ ತೆರೆದು ನೋಡಿದೆ. ಹಿಂದಿನ ವರ್ಷದ 31 ಸವಾರಿಗಳಲ್ಲಿ 14 ಸಲ ಬೈಕ್ ತಪ್ಪು ಜೆಟ್ಟಿನಲ್ಲಿ ಓಡಿತ್ತು, ಏಕೆಂದರೆ ಅಷ್ಟು ಸಲ ಬದಲಾಯಿಸಲು ನನಗೆ ಹೊತ್ತೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಆ ಲೆಕ್ಕ ನೋಡಿದ ಮೇಲೆ 2022ರ ವಸಂತದಲ್ಲಿ ಒಂದೇ ಕಡ್ಡಿಯ ಕಾರ್ಬ್ಯುರೇಟರ್ ತರಿಸಿದೆ. ತೆರಿಗೆ ಮತ್ತು ಸಾಗಣೆ ಸೇರಿ ಸುಮಾರು 600 ಡಾಲರ್ ಆಯಿತು.

ಹಾಕಿದ ಕೂಡಲೇ ಎಲ್ಲವೂ ಸರಿಹೋಗಲಿಲ್ಲ ಎಂಬುದನ್ನು ಹೇಳದಿದ್ದರೆ ಓದುವವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕಡ್ಡಿಯನ್ನು ಸ್ಲೈಡಿನೊಳಗೆ ತಿರುಗಿಸಿ ಅದರ ಆಳ ಬದಲಾಯಿಸುವುದೇ ಇಲ್ಲಿನ ಹೊಂದಾಣಿಕೆ. ಕಾಲು ಸುತ್ತಿಗೂ ಸ್ಪಷ್ಟ ವ್ಯತ್ಯಾಸವಿದೆ. ತಯಾರಕರು ಹೊಂದಿಸಿ ಕಳಿಸಿದ್ದ ಆಳ ನನ್ನ ಎಂಜಿನ್ನಿಗೆ ಸ್ವಲ್ಪ ರಿಚ್ ಆಗಿತ್ತು. ಅದು ಅವರ ಎಚ್ಚರಿಕೆಯೇ ಇರಬೇಕು, ಏಕೆಂದರೆ ರಿಚ್ ಆಗಿ ಕಳಿಸಿದ ಕಾರ್ಬ್ಯುರೇಟರ್ ಯಾರ ಎಂಜಿನ್ನನ್ನೂ ಕೆಡಿಸುವುದಿಲ್ಲ. ನಾನು ಒಂದೊಂದೇ ಕಾಲು ಸುತ್ತು ಲೀನ್ ಕಡೆಗೆ ತಿರುಗಿಸಿ, ಪ್ರತಿ ಸಲವೂ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಮತ್ತೆ ಓಡಿಸಿದೆ. ಎರಡು ಶನಿವಾರ ಅದಕ್ಕೇ ಹೋಯಿತು. ಪ್ಲಗ್ ಓದಲು ಬಾರದಿದ್ದರೆ ಈ ಕಾರ್ಬ್ಯುರೇಟರ್ ಕೊಂಡವನಿಗೆ ಸುಖವಿಲ್ಲ, ಏಕೆಂದರೆ ಹಿಡಿದು ನೋಡಲು ಇಲ್ಲಿ ಅಂಕಿ ಒತ್ತಿದ ಜೆಟ್ ಇಲ್ಲ, ಕೈಪಿಡಿಯ ಕೋಷ್ಟಕವೂ ಇಲ್ಲ. ಚಳಿಯ ವಿಷಯದಲ್ಲೂ ಪ್ರಚಾರದ ಮಾತನ್ನು ಅಕ್ಷರಶಃ ನಂಬಲಾಗದು. ಮೋಆಬ್‌ನಲ್ಲಿ ನೀರು ಹೆಪ್ಪುಗಟ್ಟುವಂಥ ಒಂದು ಬೆಳಿಗ್ಗೆ ಐಡಲ್ ನಿಲ್ಲಲಿಲ್ಲ, ಅರ್ಧ ಸುತ್ತು ರಿಚ್ ಕಡೆಗೆ ತಿರುಗಿಸಬೇಕಾಯಿತು. ಅದು ಕೈಗೆ ಪೆಟ್ರೋಲ್ ಸೋಕಿಸದೆ ಐದು ನಿಮಿಷದಲ್ಲಿ ಮುಗಿದ ಕೆಲಸ ಎಂಬುದೂ ನಿಜ.

ಮೂರು ಋತುಗಳಾದವು. ಮೋಆಬ್‌ನಿಂದ ಟಿನ್‌ಕಪ್ ಪಾಸಿನವರೆಗೆ ಬೈಕ್ ಒಂದೇ ಹದದಲ್ಲಿ ಓಡುತ್ತದೆ. ಲೀಟರಿಗೆ 14 ಕಿಲೋಮೀಟರಿಗೆ ಸ್ವಲ್ಪ ಮೇಲೆ ಕೊಡುತ್ತಿದೆ. 110 ಡಾಲರಿನ ಕೆಲಸ 11ನ್ನು 13 ಮಾಡಿತ್ತು. ಅದರ ಮೇಲೆ ಸುರಿದ 600 ಡಾಲರ್ 13ನ್ನು 14 ಮಾಡಿತು. ಪೆಟ್ರೋಲಿನ ಉಳಿತಾಯದಿಂದ ಆ ಹಣ ನನ್ನ ಜೀವಮಾನದಲ್ಲಿ ವಾಪಸ್ ಬರುವುದಿಲ್ಲ. ಆದರೂ ನಾನು ಕೊಂಡದ್ದು ಸರಿಯೆಂದೇ ನನ್ನ ಭಾವನೆ, ಏಕೆಂದರೆ ಶಿಬಿರದ ಆ ಸಂಜೆಗಳು ನನಗೆ ಮರಳಿ ಸಿಕ್ಕಿವೆ, ಮತ್ತು ತಪ್ಪು ಜೆಟ್ಟಿನಲ್ಲಿ ಇಳಿಜಾರು ಇಳಿಯುವಾಗ ಎಂಜಿನ್ ಜಾಮ್ ಆದೀತೇ ಎಂಬ ಭಯ ಈಗಿಲ್ಲ. ಎಂಟು ಗಂಟೆ ನಡೆದರೂ ಮನುಷ್ಯರು ಸಿಗದ ಜಾಗದಲ್ಲಿ ಆ ಭಯ ಸಣ್ಣದಲ್ಲ.

ಇನ್ನೂ ದೊಡ್ಡ ಹಣವಿದ್ದವರು ಈ ಪ್ರಶ್ನೆಯನ್ನೇ ದಾಟಿಹೋಗಬಹುದು. ಕೆಟಿಎಂ 2018ರ ಮಾದರಿಗಳಿಂದ ಟೂ ಸ್ಟ್ರೋಕ್ ಎಂಡ್ಯೂರೋ ಬೈಕ್‌ಗಳಿಗೆ ಫ್ಯೂಯಲ್ ಇಂಜೆಕ್ಷನ್ ತಂದಿತು. ಹೊರಗಿನ ಗಾಳಿಯ ಒತ್ತಡವನ್ನು ಸೆನ್ಸರ್ ಅಳೆದು ಹೇಳುತ್ತದೆ, ಕಂಪ್ಯೂಟರ್ ಪೆಟ್ರೋಲಿನ ಲೆಕ್ಕ ಹಾಕುತ್ತದೆ. ಎತ್ತರದ ಸಮಸ್ಯೆಗೆ ಪೂರ್ಣ ಉತ್ತರ ಅದೇ. ನನ್ನ ಹತ್ತು ವರ್ಷಕ್ಕೂ ಹಳೆಯ ಬೈಕನ್ನು ಮಾರಿ ಅದನ್ನು ಕೊಳ್ಳುವ ಮನಸ್ಸು ನನಗೆ ಬಂದಿಲ್ಲ.

ಸಕಲೇಶಪುರದಲ್ಲಿರುವ ನನ್ನ ಚಿಕ್ಕಮ್ಮನ ಮಗನ ಬಳಿ ಹೀರೋ ಇಂಪಲ್ಸ್ ಇದೆ. ತೋಟದ ದಾರಿಗಳಲ್ಲಿ, ಬಿಸಿಲೆಯ ಕಡೆ, ಬಾಬಾಬುಡನ್‌ಗಿರಿಯ ಕಡೆ ಓಡಿಸುತ್ತಾನೆ. ನಾನು ಕಾರ್ಬ್ಯುರೇಟರ್ ಹಾಕಿಸಿದ ಸುದ್ದಿ ಕೇಳಿ, "ಅಣ್ಣಾ, ಇಲ್ಲಿ ಆನ್‌ಲೈನಲ್ಲಿ 30 ಎಂಎಂ ಪಿಡಬ್ಲ್ಯುಕೆ ಸಿಗ್ತಿದೆ, ಹಾಕಿಸ್ಲಾ?" ಎಂದು ಫೋನ್ ಮಾಡಿದ. ಬೇಡ ಎಂದೆ. ಸಕಲೇಶಪುರ 900 ಮೀಟರಿನ ಆಸುಪಾಸಿನಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಷ್ಟು ಹತ್ತಿದರೂ ಮಿಶ್ರಣ ರಿಚ್ ಆಗುವುದು ಶೇಕಡಾ 5ರಷ್ಟು. ಸರಿಯಾಗಿ ಹೊಂದಿಸಿದ ಕಾರ್ಬ್ಯುರೇಟರ್ ಅದನ್ನು ತಡೆದುಕೊಳ್ಳುತ್ತದೆ. ನಾನಿರುವ ಡೆನ್ವರ್ 1,600 ಮೀಟರಿನಲ್ಲಿದೆ. ನಮ್ಮೂರ ಬೆಟ್ಟಗಳು ಮುಗಿಯುವ ಎತ್ತರದ ಹತ್ತಿರಕ್ಕೆ ಇಲ್ಲಿ ಬೆಟ್ಟ ಹತ್ತುವುದು ಆರಂಭವಾಗುತ್ತದೆ ಎಂದು ಅವನಿಗೆ ವಿವರಿಸಿದೆ. ಮೇಲಾಗಿ 150 ಸಿಸಿ ಎಂಜಿನ್ನಿಗೆ 30 ಮಿಲಿಮೀಟರಿನ ಗಂಟಲು ದೊಡ್ಡದು. ಕೆಳಗಿನ ಆರ್‌ಪಿಎಂನಲ್ಲಿ ಗಾಳಿಯ ವೇಗ ಇಳಿದು, ಪೆಟ್ರೋಲ್ ಸರಿಯಾಗಿ ಏಳದೆ, ತೋಟದ ಕೆಸರಿನಲ್ಲಿ ಅವನಿಗೆ ಬೇಕಾದ ಪಿಕಪ್ಪೇ ಸಾಯುತ್ತದೆ. ಅಸಲಿಯ ಹೆಸರು ಒತ್ತಿಕೊಂಡ ನಕಲಿಗಳು ಆ ಬೆಲೆಗೆ ಸಿಗುತ್ತವೆ ಎಂಬುದು ಬೇರೆ ಮಾತು. ಇದ್ದ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಸು, ಫ್ಲೋಟ್ ಎತ್ತರ ನೋಡಿಸು, ಏರ್ ಫಿಲ್ಟರ್ ಬದಲಾಯಿಸು, ವಾಲ್ವ್ ಕ್ಲಿಯರೆನ್ಸ್ ಸರಿಮಾಡಿಸು ಎಂದೆ. ತಿಂಗಳ ನಂತರ ಮತ್ತೆ ಫೋನ್ ಬಂತು. ಮಿಸ್ಸಿಂಗ್ ನಿಂತಿದೆ, ಖರ್ಚು 900 ರೂಪಾಯಿ ಎಂದ.

ಹೂಸ್ಟನ್ನಿನ ಹಳೆಯ ಮಾಲೀಕರೂ ಒಮ್ಮೆ ಬೈಕ್ ಹೇಗಿದೆಯೆಂದು ವಿಚಾರಿಸುತ್ತ ಇದನ್ನೇ ಕೇಳಿದರು. ಅವರು ವರ್ಷವಿಡೀ 300 ಅಡಿಯ ಒಳಗೇ ಓಡಿಸುವವರು. ಅವರಿಗೂ ಬೇಡ ಎಂದೆ; ಆ ಹಣಕ್ಕೆ ಸಸ್ಪೆನ್ಷನ್ನಿನ ಎಣ್ಣೆ, ಸೀಲು, ತಮ್ಮ ತೂಕಕ್ಕೆ ಹೊಂದುವ ಸ್ಪ್ರಿಂಗುಗಳನ್ನು ಹಾಕಿಸಿಕೊಂಡರೆ ಕಾಲುದಾರಿಯಲ್ಲಿ ಅದರ ಹತ್ತು ಪಾಲು ಸುಖ ಸಿಗುತ್ತದೆ.

ನನ್ನ ಹಳೆಯ ಕೈಹಿನ್ನನ್ನು ಮಾರಿಲ್ಲ. ತೊಳೆದು, ಒಣಗಿಸಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ. 152, 155, 158ರ ಜೆಟ್‌ಗಳ ಜೊತೆಗೆ, ಅದು ಬರುವಾಗ ಅದರೊಳಗಿದ್ದ 165ನ್ನೂ ಒಂದು ಚೀಟಿಯಲ್ಲಿ ಹೆಸರು ಬರೆದು ಹಾಕಿದ್ದೇನೆ. ಈ ಬೈಕ್ ಎಂದಾದರೂ ಮತ್ತೆ ಸಮುದ್ರದ ಕಡೆಯ ಊರಿಗೆ ಹೋದರೆ ಅದನ್ನು ಕೊಳ್ಳುವವರಿಗೆ ಬೇಕಾಗುವುದು ಅದೇ.